ಫಿಫ್ತ್ ವೀಲ್ ಟ್ರೇಲರ್‌ನಲ್ಲಿ ಕಿರ್ ಕಿರ್: ತೊಂದರೆ ನೆಲದ್ದಾ, ಫ್ರೇಮಿನದ್ದಾ?

ಪ್ರಶ್ನೆ:
ನಮ್ಮದು ಹಳೆಯ ಫಿಫ್ತ್ ವೀಲ್, ಅಂದರೆ ಮುಂಭಾಗ ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರುವ, ಒಳಗೇ ವಾಸ ಮಾಡುವ ಟ್ರೇಲರ್. ಎರಡು ತಿಂಗಳಿಂದ ಸಿಂಕ್ ಮುಂದೆ ಕಾಲಿಟ್ಟರೆ ಸಾಕು, ಕಿರ್ ಅನ್ನುತ್ತದೆ. ಮಲಗುವ ಕೋಣೆಗೆ ಹತ್ತುವ ಮೆಟ್ಟಿಲ ಹತ್ತಿರವೂ ಶಬ್ದ ಇದೆ. ಅದು ಬೇರೆ ಥರ, ಟಕ್ ಅಂತ. ಈಚೆಗೆ ಆ ಕೋಣೆಯ ಬಾಗಿಲೂ ಮೇಲುಗಡೆ ಉಜ್ಜುತ್ತಿದೆ. ನೆಲಕ್ಕೆ ನಾಲ್ಕು ಸ್ಕ್ರೂ ಹೊಡೆದರೆ ಮುಗಿಯುತ್ತಾ?

ಉತ್ತರ:
ಸ್ವಲ್ಪ ತಡೆಯಿರಿ, ಡ್ರಿಲ್ ಪಕ್ಕಕ್ಕಿಡಿ. ನೀವು ಹೇಳುತ್ತಿರುವುದು ಎರಡು ಶಬ್ದ. ಎರಡಕ್ಕೂ ಕಾರಣ ಒಂದೇ ಇರಬೇಕಿಲ್ಲ. 'ಕಿರ್' ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಬಾಗಿಲು ಉಜ್ಜುತ್ತಿದೆ ಅಂದಿರಲ್ಲ, ಚಿಂತೆ ಅದರದ್ದೇ.

ಮೊದಲು ಸಿಂಕ್ ಕಡೆಯದ್ದು. ಪ್ಲೈವುಡ್ ಹಲಗೆ ಸಡಿಲಾಗಿ ಕೆಳಗಿನ ತೊಲೆಗೋ ಸ್ಕ್ರೂಗೋ ಉಜ್ಜಿದರೆ ಹೀಗೆ ಕಿರುಗುಟ್ಟುತ್ತದೆ. ಬರಿಗಾಲಲ್ಲಿ ನಿಧಾನಕ್ಕೆ ನಡೆದು, ಶಬ್ದ ಬಂದ ಕಡೆಯೆಲ್ಲ ಟೇಪ್ ಅಂಟಿಸಿ. ಒತ್ತಿದರೆ ನೆಲ ಮೆತ್ತಗಿದೆಯಾ? ಹಾಗಿದ್ದರೆ ನೀರು ಸೋರಿ ಹಲಗೆ ಕೊಳೆತಿರಬಹುದು. ಕೊಳೆತ ಹಲಗೆಯಲ್ಲಿ ಯಾವ ಸ್ಕ್ರೂ ಕೂಡ ನಿಲ್ಲುವುದಿಲ್ಲ. ಗಟ್ಟಿ ಇದ್ದರೆ ಸ್ಕ್ರೂ ಸಾಕು, ಆದರೆ ಅದು ತೊಲೆಗೇ ಕಚ್ಚಬೇಕು. ಕೆಳಗೆ ನೀರಿನ ಪೈಪು, ವೈರು, ಟ್ಯಾಂಕು ಎಲ್ಲ ಇರುತ್ತವೆ. ಟ್ರೇಲರ್ ಅಡಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಸ್ವಲ್ಪ ಬಿಚ್ಚಿ, ನೋಡಿಕೊಂಡೇ ಸ್ಕ್ರೂ ಉದ್ದ ಆರಿಸಿ.

ಈಗ ಮೆಟ್ಟಿಲಿಗೆ ಬನ್ನಿ. ಫಿಫ್ತ್ ವೀಲ್‌ನಲ್ಲಿ ಟ್ರೇಲರ್ ತೂಕದ ಸುಮಾರು 15ರಿಂದ 25 ಪರ್ಸೆಂಟ್ ಕಿಂಗ್‌ಪಿನ್ (ಟ್ರೇಲರನ್ನು ಟ್ರಕ್ಕಿನ ಕೊಂಡಿಗೆ ಸೇರಿಸುವ ದಪ್ಪ ಉಕ್ಕಿನ ಪಿನ್) ಮೂಲಕ ಟ್ರಕ್ ಮೇಲೆ ಕೂರುತ್ತದೆ. ಅಷ್ಟನ್ನೂ ಹೊರುವುದು ಮಲಗುವ ಕೋಣೆಯ ಕೆಳಗಿರುವ, ಮುಂದಕ್ಕೆ ಚಾಚಿದ ಫ್ರೇಮ್. ಸಾಲದ್ದಕ್ಕೆ ಪ್ರತಿ ಬ್ರೇಕಿಗೂ, ಪ್ರತಿ ಗುಂಡಿಗೂ ಒಂದು ಎಳೆತ, ಒಂದು ತಳ್ಳಾಟ. ಆ ಚಾಚು ಕೆಳಗಿನ ಮುಖ್ಯ ಫ್ರೇಮಿಗೆ ಸೇರುವ ಮೂಲೆಗೆ ಪೆಟ್ಟು ಜಾಸ್ತಿ. ನಿಮ್ಮ ಮೆಟ್ಟಿಲು ಇರುವುದೂ ಅಲ್ಲೇ ಅಲ್ವಾ? ಅಲ್ಲಿ ಫ್ರೇಮ್ ಬಾಗಿದರೆ ಬಾಗಿಲೂ ಉಜ್ಜಬಹುದು.

ಒಂದು ಪರೀಕ್ಷೆ ಮಾಡಿ. ಟ್ರಕ್‌ಗೆ ಜೋಡಿಸಿ, ಟ್ರೇಲರ್ ಚಕ್ರಗಳಿಗೆ ಚೋಕ್ (ಉರುಳದಂತೆ ತಡೆಯುವ ಅಡ್ಡ ತುಂಡು) ಇಟ್ಟು, ಟ್ರೇಲರ್ ಮುಂಭಾಗಕ್ಕೆ ಆಸರೆಯಾದ ಕಾಲುಗಳನ್ನು ಪೂರ್ತಿ ಮೇಲೆತ್ತಿ. ಒಬ್ಬರು ಟ್ರಕ್ಕನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಲಿ. ನೀವು ದೂರ ಪಕ್ಕದಲ್ಲಿ ನಿಂತು ನೋಡಿ, ಕೆಳಗೆ ಮಾತ್ರ ನುಗ್ಗಬೇಡಿ. ಸ್ವಲ್ಪ ಅಲುಗಾಟ ಎಲ್ಲ ಟ್ರೇಲರ್‌ನಲ್ಲೂ ಇರುತ್ತದೆ. ಫ್ರೇಮ್ ಒಂದು ಕಡೆ, ಗೋಡೆ ಇನ್ನೊಂದು ಕಡೆ ಹೋಗುತ್ತಿದ್ದರೆ, ಸಂದು ತೆರೆದು ಮುಚ್ಚುತ್ತಿದ್ದರೆ, ಅದು ಬೇರೆ ಮಾತು. ಆಮೇಲೆ ಟ್ರಕ್ ಬಿಚ್ಚಿ, ಸರಿಯಾಗಿ ಆಸರೆ ಕೊಟ್ಟು, ಟಾರ್ಚ್ ಹಿಡಿದು ವೆಲ್ಡ್‌ಗಳನ್ನು ನೋಡಿ. ಬಣ್ಣದ ಮೇಲೆ ತೆಳ್ಳನೆಯ ತುಕ್ಕಿನ ಗೆರೆ ಕಂಡರೆ ಅಲ್ಲಿ ಬಿರುಕು ಇರಬಹುದು. ಚಕ್ರದ ಸ್ಪ್ರಿಂಗನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್‌ಗಳನ್ನೂ ನೋಡದೆ ಬಿಡಬೇಡಿ.

ಪ್ರಶ್ನೆ ಕೇಳಿದವರಿಂದ:
ನೋಡಿದೆ. ಸಿಂಕ್ ಕೆಳಗೆ ಎರಡು ಸ್ಕ್ರೂಗಳ ತಲೆ ಮುರಿದಿದೆ, ಹಲಗೆ ಗಟ್ಟಿ ಇದೆ. ಆದರೆ ಮುಂದಿನ ಎಡ ಮೂಲೆಯ ವೆಲ್ಡ್‌ನಲ್ಲಿ ಬೆರಳುದ್ದ ತುಕ್ಕಿನ ಗೆರೆ. ಹೊರಗಿನ ಶೀಟಿನ ಸ್ಕ್ರೂ ತೂತುಗಳು ಮೊಟ್ಟೆ ಆಕಾರಕ್ಕೆ ತಿರುಗಿವೆ. ಸದ್ಯಕ್ಕೆ ಸಂದಿಗೆ ಸೀಲಂಟ್ ತುಂಬಲಾ?

ಉತ್ತರ:
ಬೇಡ. ತುಂಬಿದರೆ ಅಲುಗಾಟವೇ ಕಣ್ಣಿಗೆ ಬೀಳುವುದಿಲ್ಲ. ಟ್ರೇಲರನ್ನು ಎಳೆಯುವುದೂ ಬೇಡ, ಫ್ರೇಮ್ ಕೆಲಸ ಗೊತ್ತಿರುವ ವೆಲ್ಡರನ್ನು ಅಲ್ಲಿಗೇ ಕರೆಸಿ. ಬಿರುಕಿನ ಮೇಲೆ ಸುಮ್ನೆ ಒಂದು ವೆಲ್ಡ್ ಗೆರೆ ಎಳೆದರೆ ಮತ್ತೆ ಬಿಡುತ್ತದೆ. ಬುಡದವರೆಗೂ ಉಜ್ಜಿ ತೆಗೆದು ವೆಲ್ಡ್ ಮಾಡಬೇಕು, ಬಲಕ್ಕೆ ಪ್ಲೇಟ್ ಎಲ್ಲಿ ಕೊಡಬೇಕೆಂದು ಯೋಚಿಸಬೇಕು. ಐ-ಬೀಮ್‌ನ (ಇಂಗ್ಲಿಷ್ 'I' ಆಕಾರದ ಫ್ರೇಮ್ ತೊಲೆ) ಅಂಚಿನ ಪಟ್ಟಿಗೆ ಅಡ್ಡಡ್ಡ ವೆಲ್ಡ್ ಎಳೆದರೆ ಅಲ್ಲೇ ಹೊಸ ಬಿರುಕು ಹುಟ್ಟಬಹುದು. ಕೆಲಸಕ್ಕೆ ಮುಂಚೆ ಬ್ಯಾಟರಿ, ಹೊರಗಿನ ಕರೆಂಟ್ ಎರಡನ್ನೂ ಬಿಚ್ಚಿ. ಹತ್ತಿರದ ಫೋಮ್ ತೆಗೆಸಿ, ಅದು ಬೆಂಕಿ ಹಿಡಿಯುತ್ತದೆ.

ರಿಪೇರಿ ಆದ ಮೇಲೆ ಸಾಮಾನು ತುಂಬಿಸಿಯೇ ತೂಕ ಹಾಕಿಸಿ, ಕಿಂಗ್‌ಪಿನ್ ಮೇಲೆ ಬೀಳುವ ತೂಕವನ್ನೂ ನೋಡಿ. ಮುಂದಿನ ಡಬ್ಬಿಯಲ್ಲಿ ಜನರೇಟರು, ಟೂಲ್ಸು ಅಂತ ತುಂಬಿಕೊಂಡು ಹೋಗುವವರೇ ಜಾಸ್ತಿ. ನಾನೂ ಅದೇ ಗುಂಪಿನವನು.

ಸಿಂಕ್ ಹತ್ತಿರದ ಸ್ಕ್ರೂ ಕೊನೆಗೆ ಇರಲಿ. ಬಾಗಿಲನ್ನು ಈಗಲೇ ಹೆರೆಯಲು ಹೋಗಬೇಡಿ. ಫ್ರೇಮ್ ನೇರವಾದರೆ ಅದೂ ತನ್ನ ಜಾಗಕ್ಕೆ ಬರಬಹುದು.