ಮುಖ ಕಾಣದಿದ್ದರೆ ನನಗೆ ಮಾತೇ ಕೇಳುವುದಿಲ್ಲ. ಆದರೂ ಮುಖಪರದೆ ನಿಷೇಧಕ್ಕೆ ಸಹಿ ಹಾಕಲು ಕೈ ಬರುತ್ತಿಲ್ಲ

ತುಟಿನೋಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಹನ್ನೊಂದನೇ ವಯಸ್ಸಿಗೆ ಜ್ವರ ಬಂದು ನನ್ನ ಕಿವಿ ಹೋಯಿತು. ಬಲಗಿವಿಗೆ ಏನೂ ಇಲ್ಲ. ಎಡಗಿವಿಗೆ ಮಷಿನ್ ಹಾಕಿಕೊಂಡರೆ ಬಾಗಿಲು ಬಡಿದದ್ದು, ನಾಯಿ ಬೊಗಳಿದ್ದು ಗೊತ್ತಾಗುತ್ತದೆ, ಮಾತು ಮಾತ್ರ ಬಿಡಿಸಿ ಕೇಳುವುದಿಲ್ಲ. ಹಾಗಾಗಿ ಮಾತನ್ನು ಕಣ್ಣಿನಲ್ಲೇ ಕೇಳುವುದು ಅಭ್ಯಾಸವಾಗಿದೆ. ತುಟಿ, ಹಲ್ಲು, ನಾಲಿಗೆಯ ತುದಿ, ಕೆನ್ನೆ, ಗಲ್ಲ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಅಷ್ಟು ನೋಡಿದರೂ ಅರ್ಧ ಊಹೆಯೇ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಎದುರಿನವರು ‘ಬಾವು’ ಅಂದರೋ ‘ಮಾವು’ ಅಂದರೋ ಹಿಂದುಮುಂದಿನ ಮಾತಿನಿಂದ ಹಿಡಿಯಬೇಕು. ಕ, ಗ ಅಂತೂ ಗಂಟಲಲ್ಲೇ ಹುಟ್ಟಿ ಗಂಟಲಲ್ಲೇ ಮುಗಿದುಹೋಗುತ್ತವೆ, ಹೊರಗೆ ಕಾಣುವುದೇ ಇಲ್ಲ.

ವಿಷಯಕ್ಕೆ ಬರುತ್ತೇನೆ. ಹಳೆಯ ಗೆಳತಿಯೊಬ್ಬಳು ಒಂದು ಮನವಿ ಕಳಿಸಿದ್ದಾಳೆ. ಸಾರ್ವಜನಿಕ ಜಾಗದಲ್ಲಿ ಮುಖ ಪೂರ್ತಿ ಮುಚ್ಚುವ ಉಡುಪನ್ನು ಕಾನೂನಿನಿಂದಲೇ ನಿಷೇಧಿಸಬೇಕು ಎಂಬ ಮನವಿ. ಕೆಳಗೆ ಅವಳದೇ ಎರಡು ಸಾಲು: “ಬೇರೆ ಯಾರಿಗಲ್ಲದಿದ್ದರೂ ನಿನ್ನಂಥವರಿಗೆ ಇದು ಬೇಕೇ ಬೇಕು. ನಿನ್ನ ಸಹಿ ಇದ್ದರೆ ಮನವಿಗೆ ತೂಕ ಬರುತ್ತದೆ.” ನಾಲ್ಕು ದಿನದಿಂದ ಅದನ್ನು ತೆರೆಯುವುದು, ಮುಚ್ಚುವುದು ಮಾಡುತ್ತಿದ್ದೇನೆ.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ನಿಕಾಬ್ ಹಾಕಿದವರ ಜೊತೆ ಮಾತಾಡುವುದು ನನಗೆ ಗೋಡೆಯ ಜೊತೆ ಮಾತಾಡಿದಷ್ಟೇ ಕಷ್ಟ. ಕೊರೊನಾ ಕಾಲದ ಮಾಸ್ಕ್‌ನಿಂದ ಎರಡು ವರ್ಷ ನಾನು ಅನುಭವಿಸಿದ್ದನ್ನು ಬರೆಯಲು ಕೂತರೆ ಅದೇ ಒಂದು ಪುಸ್ತಕವಾದೀತು. ಎಲ್ಲರೂ ಒಂದೇ ದಿನ ಮೂಕರಾದ ಹಾಗಿತ್ತು.

ಆದರೆ ಕೈ ತಡೆಯುತ್ತಿರುವುದು ಒಂದು ಬೆಳಗಿನ ನೆನಪು. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಿದ್ದೆ. ನಂಬರು ಕೂಗುತ್ತಿದ್ದ ಹುಡುಗನ ಮುಖದ ಮೇಲೆ ಏನೂ ಇರಲಿಲ್ಲ, ಆದರೆ ಅವನು ಕಂಪ್ಯೂಟರಿನತ್ತ ಮುಖ ಮಾಡಿಕೊಂಡೇ ಕೂಗುತ್ತಿದ್ದ. ಎದ್ದುಹೋಗಿ ಎರಡು ಸಲ ಕೇಳಿದೆ. ಎರಡು ಸಲವೂ ತಲೆ ಎತ್ತದೆ ಏನೋ ಹೇಳಿದ. ಪಕ್ಕದಲ್ಲಿ ಕಪ್ಪು ನಿಕಾಬ್ ತೊಟ್ಟ ಹೆಂಗಸೊಬ್ಬರಿದ್ದರು. ಬೇರೆ ದಾರಿಯಿಲ್ಲದೆ ಅವರನ್ನು ಕೇಳಿದೆ. ಬಾಯಿಯ ಹತ್ತಿರ ಬಟ್ಟೆ ಸ್ವಲ್ಪ ಉಬ್ಬಿತು, ಒಳಕ್ಕೆ ಎಳೆದುಕೊಂಡಿತು. ಏನೋ ಹೇಳಿದ್ದಾರೆ ಅಂತ ಅಷ್ಟೇ ತಿಳಿಯಿತು. ನನ್ನ ಕಿವಿ ಮುಟ್ಟಿ ತೋರಿಸಿ ಕೈ ಅಲ್ಲಾಡಿಸಿದೆ. ಅವರ ಕಣ್ಣು ಒಂದು ಕ್ಷಣ ಅಗಲವಾಯಿತು. ಚೀಲದಿಂದ ಪೆನ್ನು ತೆಗೆದು, ತಮ್ಮದೇ ಔಷಧಿ ಚೀಟಿಯ ಹಿಂದೆ ಬರೆದರು: “ನಿಮ್ಮದು 34. ಈಗ 31 ನಡೆಯುತ್ತಿದೆ. ಕರೆದಾಗ ಮುಟ್ಟಿ ಹೇಳುತ್ತೇನೆ.” ಹಾಗೇ ಮಾಡಿದರು. ಅಷ್ಟರಲ್ಲಿ ಅವರದೇ ನಂಬರು ಬಂದುಹೋಗಿತ್ತಂತೆ, ಅದು ನನಗೆ ಆಮೇಲೆ ಗೊತ್ತಾಯಿತು.

ಕಾನೂನು ಬಂದರೆ ಆ ಹುಡುಗನಿಗೆ ಏನೂ ಆಗುವುದಿಲ್ಲ, ಈಕೆಗೆ ದಂಡ ಬೀಳುತ್ತದೆ. ಇದನ್ನು ನನ್ನ ಹೆಸರಿನಲ್ಲಿ ಮಾಡಬಹುದೇ?

ಕಾನೂನು ಬಲ್ಲವರು, ನಿಕಾಬ್ ತೊಡುವವರು, ಬಿಟ್ಟವರು ಯಾರಿದ್ದರೂ ದಯವಿಟ್ಟು ಹೇಳಿ. ನಿಷೇಧ ಇರುವ ದೇಶಗಳಲ್ಲಿ ಯಾವ ಕಾರಣ ಕೊಟ್ಟು ಮಾಡಿದರು? ನನ್ನಂಥವರ ಮಾತು ಅಲ್ಲೆಲ್ಲಾದರೂ ಬಂತೇ?

ಕರಿಕೋಟು

ಮೇಡಂ, ವಕೀಲಿಕೆಯಲ್ಲಿ ಇಪ್ಪತ್ತಾರು ವರ್ಷ ಕಳೆದವನು ನಾನು. ಮೊದಲು ಒಂದು ಮಾತು ಬಿಡಿಸಿಕೊಳ್ಳೋಣ, ಇಂಥ ಚರ್ಚೆ ಅರ್ಧ ಕೆಡುವುದು ಅಲ್ಲೇ. ಹಿಜಾಬ್ ತಲೆ, ಕತ್ತು ಮುಚ್ಚುತ್ತದೆ, ಮುಖ ಕಾಣುತ್ತದೆ. ನಿಕಾಬ್‌ನಲ್ಲಿ ಕಣ್ಣು ಮಾತ್ರ ಕಾಣುತ್ತದೆ. ಅಫ್ಘಾನಿಸ್ತಾನದ ಬುರ್ಖಾದಲ್ಲಿ ಕಣ್ಣಿನ ಮುಂದೆಯೂ ಜಾಲರಿ. ನಿಮ್ಮ ಪ್ರಶ್ನೆ ಕೊನೆಯ ಎರಡರದ್ದು ಮಾತ್ರ.

ಫ್ರಾನ್ಸ್ 2010ರ ಅಕ್ಟೋಬರ್ 11ರಂದು ಕಾನೂನು ಮಾಡಿತು, 2011ರ ಏಪ್ರಿಲ್ 11ರಿಂದ ಜಾರಿ. ಕಾನೂನಿನಲ್ಲಿ ಧರ್ಮದ ಹೆಸರೇ ಇಲ್ಲ, ‘ಸಾರ್ವಜನಿಕ ಜಾಗದಲ್ಲಿ ಮುಖ ಮರೆಮಾಚುವುದು’ ಎಂದಷ್ಟೇ ಇದೆ. ದಂಡ 150 ಯೂರೋವರೆಗೆ. 2011ರಲ್ಲೇ ಬೆಲ್ಜಿಯಂ, 2017ರಲ್ಲಿ ಆಸ್ಟ್ರಿಯಾ, 2018ರಲ್ಲಿ ಡೆನ್ಮಾರ್ಕ್ ಹಿಂಬಾಲಿಸಿದವು. ನೆದರ್ಲೆಂಡ್ಸ್ 2019ರಲ್ಲಿ ಶಾಲೆ, ಆಸ್ಪತ್ರೆ, ಸರ್ಕಾರಿ ಕಟ್ಟಡ, ಬಸ್ಸು-ರೈಲುಗಳಿಗೆ ಮಾತ್ರ ಅನ್ವಯಿಸಿತು, ರಸ್ತೆಯನ್ನು ಬಿಟ್ಟಿತು.

ಯಾವ ಕಾರಣ ಎಂದು ಕೇಳಿದಿರಿ. ಇದು ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ. ಫ್ರಾನ್ಸಿನ ಕಾನೂನನ್ನು ಒಬ್ಬ ಯುವತಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಒಯ್ದಳು. ತೀರ್ಪಿನಲ್ಲಿ ಅವಳ ಹೆಸರು ‘ಎಸ್.ಎ.ಎಸ್.’ ಎಂದಷ್ಟೇ ಇದೆ. ಅವಳ ವಾದ ಇಷ್ಟು: ಯಾರ ಒತ್ತಾಯವೂ ಇಲ್ಲ, ದಿನವೂ ತೊಡುವುದೂ ಇಲ್ಲ, ತಪಾಸಣೆಗೆ ಕೇಳಿದರೆ ಮುಖ ತೋರಿಸುತ್ತೇನೆ. ಸರ್ಕಾರ ಭದ್ರತೆ ಎಂದಿತು. ಎಲ್ಲೆಲ್ಲೂ ನಿಷೇಧಿಸುವಷ್ಟು ದೊಡ್ಡ ಬೆದರಿಕೆಯನ್ನು ತೋರಿಸಿಲ್ಲ, ಗುರುತು ಪತ್ತೆಗೆ ಅಗತ್ಯವಿದ್ದಾಗ ಮುಖ ತೋರಿಸಲು ಹೇಳಿದರೆ ಸಾಕು ಎಂದಿತು ಕೋರ್ಟು. ಸರ್ಕಾರ ಹೆಣ್ಣು-ಗಂಡಿನ ಸಮಾನತೆ ಎಂದಿತು. ಹೆಂಗಸರೇ ತಮ್ಮ ಹಕ್ಕು ಎಂದು ಕೇಳುತ್ತಿರುವುದನ್ನು ಆ ಹೆಸರಿನಲ್ಲಿ ನಿಲ್ಲಿಸಲಾಗದು ಎಂದಿತು ಕೋರ್ಟು. ಘನತೆಯ ವಾದವನ್ನೂ ಒಪ್ಪಲಿಲ್ಲ. ಕಡೆಗೆ ನಿಂತದ್ದು ಒಂದೇ, ‘ಒಟ್ಟಿಗೆ ಬಾಳುವುದು’. ಸಮಾಜದಲ್ಲಿ ಒಬ್ಬರಿಗೊಬ್ಬರು ಮುಖ ಕೊಟ್ಟು ಬದುಕಬೇಕು ಎಂದು ಒಂದು ದೇಶ ಬಯಸಬಹುದು ಎಂದು 2014ರ ಜುಲೈ 1ರಂದು ಹದಿನೈದು ನ್ಯಾಯಮೂರ್ತಿಗಳು ಕಾನೂನನ್ನು ಎತ್ತಿಹಿಡಿದರು. ಇಬ್ಬರು ಒಪ್ಪಲಿಲ್ಲ.

2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ದಂಡ ತೆತ್ತ ಬೇರೆ ಇಬ್ಬರು ಹೆಂಗಸರ ದೂರಿನಲ್ಲಿ ಉಲ್ಟಾ ಹೇಳಿತು. ಇಂಥ ನಿಷೇಧ ಅವರನ್ನು ಕಾಪಾಡುವ ಬದಲು ಮನೆಯೊಳಗೇ ಕೂರಿಸಬಹುದು ಎಂದಿತು. ಆದರೂ ಫ್ರಾನ್ಸಿನ ಕಾನೂನು ಹಾಗೇ ಇದೆ. ಮುಖ ಮುಚ್ಚುವವರ ಸಂಖ್ಯೆ ಎಷ್ಟು ಗೊತ್ತೇ? ಕಾನೂನಿಗೆ ಮುಂಚೆ ಅಲ್ಲಿನ ಸಂಸದೀಯ ವರದಿ ಲೆಕ್ಕ ಹಾಕಿದ್ದು ಸುಮಾರು 1,900 ಹೆಂಗಸರು. ಸ್ವಿಟ್ಜರ್ಲೆಂಡಿನಲ್ಲಿ ಸಂಶೋಧಕರು ಅಂದಾಜಿಸಿದ್ದು ಮೂವತ್ತರ ಆಸುಪಾಸು. ಅಷ್ಟು ಜನಕ್ಕೆ 2021ರ ಮಾರ್ಚ್‌ನಲ್ಲಿ ಇಡೀ ದೇಶ ಮತ ಹಾಕಿತು. ಶೇ 51.2ರಷ್ಟು ‘ಬೇಕು’ ಎಂದು ಬಂದು, 2025ರ ಜನವರಿ 1ರಿಂದ ಜಾರಿಗೆ ಬಂತು.

ಈ ಕಾನೂನುಗಳಿಗೆ ಕೊಟ್ಟ ಕಾರಣಗಳಲ್ಲಿ ಕಿವಿ ಕೇಳದವರ ಅನುಕೂಲ ಮುಖ್ಯ ಅಂಶವಾದದ್ದನ್ನು ನಾನು ಕಂಡಿಲ್ಲ. ಹಾಗೇನಾದರೂ ಆಗಿದ್ದರೆ 2020ರಲ್ಲಿ ಮಾಸ್ಕ್ ಕಡ್ಡಾಯವಾದಾಗ ನಿಮ್ಮಂಥವರ ಗತಿ ಏನೆಂದು ಯಾರಾದರೂ ಮೊದಲು ಕೇಳುತ್ತಿದ್ದರು. ಫ್ರಾನ್ಸಿನಲ್ಲಿ ಆಗ ಮಾಸ್ಕ್ ಇಲ್ಲದಿದ್ದರೂ ದಂಡ, ನಿಕಾಬ್ ಇದ್ದರೂ ದಂಡ. ಎರಡೂ ಒಂದೇ ಕಾಲದಲ್ಲಿ ನಡೆದವು.

ಅಕ್ಕನತಂಗಿ

ನಾನು ನಿಷೇಧದ ಪರ. ಇಲ್ಲಿ ಎಲ್ಲರೂ ಒಂದೇ ಕಡೆ ವಾಲುವ ಮುಂಚೆ ಹೇಳಿಬಿಡುತ್ತೇನೆ.

ನನ್ನ ಅಕ್ಕ ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಮದುವೆಯಾದ ಮೂರನೇ ತಿಂಗಳಿಗೆ ಮುಖಪರದೆ ಬಂತು. “ನನಗೇ ಇಷ್ಟ” ಅಂದಳು. ಹಾಗೆ ಹೇಳುವಾಗ ಭಾವ ಪಕ್ಕದ ಕೋಣೆಯಲ್ಲಿದ್ದರು. ಆರು ವರ್ಷ ಆದ ಮೇಲೆ, ಅಮ್ಮ ತೀರಿಕೊಂಡ ದಿನ ರಾತ್ರಿ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಹೇಳಿದಳು, “ಬಟ್ಟೆಯೊಳಗೆ ಉಸಿರು ಬಿಸಿಯಾಗಿ ನನ್ನ ಮುಖಕ್ಕೇ ವಾಪಸ್ ಬರುತ್ತೆ ಕಣೇ, ದಿನವೆಲ್ಲ.” ಇಷ್ಟಪಟ್ಟು ತೊಟ್ಟವಳು ಹಾಗೆ ಹೇಳುವುದಿಲ್ಲ.

ವಕೀಲರೇ, ಒಂದು ವಿಷಯ ಬಿಟ್ಟಿರಿ. ಅದೇ ಫ್ರಾನ್ಸಿನ ಕಾನೂನಿನಲ್ಲಿ, ಮುಖ ಮುಚ್ಚಿಕೊಳ್ಳುವಂತೆ ಬೇರೊಬ್ಬರನ್ನು ಬಲವಂತ ಮಾಡಿದವರಿಗೆ ಒಂದು ವರ್ಷ ಜೈಲು, 30,000 ಯೂರೋ ದಂಡ ಇದೆ. ಅಪ್ರಾಪ್ತ ಹುಡುಗಿಯಾದರೆ ಎರಡರಷ್ಟು. ನನಗೆ ಬೇಕಾಗಿರುವುದು ಆ ಸಾಲು. ಅಕ್ಕನ ಬಾಯಲ್ಲಿ ‘ಬೇಡ’ ಬರುತ್ತಿರಲಿಲ್ಲ, ಕಾನೂನೇ ಬೇಡ ಎಂದಿದ್ದರೆ ಅವಳಿಗೆ ಒಂದು ನೆಪವಾದರೂ ಸಿಗುತ್ತಿತ್ತು.

ಕರಿಕೋಟು

ತಂಗೀ, ಬಿಟ್ಟದ್ದು ನನ್ನ ತಪ್ಪು. ಆ ಸಾಲನ್ನು ನಾನೂ ಪೂರ್ತಿ ಒಪ್ಪುತ್ತೇನೆ. ಒಂದೇ ತೊಡಕು, ಅದರಲ್ಲಿ ಶಿಕ್ಷೆ ಆಗಬೇಕಾದರೆ ನಿಮ್ಮ ಅಕ್ಕನೇ ಬಂದು ಗಂಡನ ವಿರುದ್ಧ ಹೇಳಬೇಕು. ನಿಷೇಧದ ಸಾಲಿಗೆ ಹಾಗಲ್ಲ. ರಸ್ತೆಯಲ್ಲಿ ಕಂಡ ಕೂಡಲೇ ಪೊಲೀಸರು ಅಕ್ಕನಿಗೆ ಚೀಟಿ ಹರಿದು ಕೊಡಬಹುದು. ಇಂಥ ದಂಡಗಳನ್ನು ಕಟ್ಟುವುದಾಗಿ ಮುಂದೆ ಬಂದವರೂ ಇದ್ದರು, ರಶೀದ್ ನೆಕ್ಕಾಜ್ ಎಂಬ ಉದ್ಯಮಿ ಎಷ್ಟೋ ಹೆಂಗಸರ ದಂಡ ತಾವೇ ಕಟ್ಟಿದರು. ಆದರೆ ಚೀಟಿ ಹೋಗುವುದು ಹೆಂಗಸಿನ ಹೆಸರಿಗೇ.

ನಸುಕು

ತುಟಿನೋಟ ಅಕ್ಕಾ, ಅಸ್ಸಲಾಮು ಅಲೈಕುಂ. ಒಂಬತ್ತು ವರ್ಷದಿಂದ ನಿಕಾಬ್ ತೊಡುತ್ತೇನೆ. ಅಮ್ಮ ತೊಡುವುದಿಲ್ಲ. ನಾನು ಶುರು ಮಾಡಿದಾಗ ಮನೆಯಲ್ಲಿ ಹೆಚ್ಚು ಜಗಳ ಆಡಿದ್ದೇ ಅವರು. “ನಿನ್ನ ನಗು ನೋಡೋಕೆ ನಾನು ಮನೆಗೇ ಬರಬೇಕಾ” ಅಂದಿದ್ದರು. ಆ ಮಾತು ಈಗಲೂ ಚುಚ್ಚುತ್ತದೆ.

ಅಕ್ಕನತಂಗಿಯವರಿಗೆ ಮೊದಲು. ನಿಮ್ಮ ಅಕ್ಕ ಹೇಳಿದ್ದನ್ನು ಓದಿ ಕಣ್ಣು ತುಂಬಿತು. ಉಸಿರು ಬಿಸಿಯಾಗುವುದು ನಿಜ. ಇಷ್ಟಪಟ್ಟು ತೊಟ್ಟವಳಿಗೂ ಆಗುತ್ತದೆ, ನಾನು ತಡೆದುಕೊಳ್ಳುತ್ತೇನೆ ಅಷ್ಟೇ. ನಿಮ್ಮ ಅಕ್ಕ ಯಾಕೆ ತಡೆದುಕೊಳ್ಳಬೇಕು? ಬಲವಂತ ಮಾಡುವವರು ನನ್ನ ಉಡುಪಿಗೂ ಕೆಟ್ಟ ಹೆಸರು ತರುತ್ತಾರೆ, ಅವರ ಪರ ನಾನು ಒಂದಕ್ಷರ ಬರೆಯುವುದಿಲ್ಲ. ಆದರೆ ನಾಳೆ ನಿಷೇಧ ಬಂದರೆ ಅಂಥ ಗಂಡ ಪರದೆ ತೆಗೆದು ಹೋಗು ಅನ್ನುತ್ತಾನೋ, ಮನೆಯಲ್ಲೇ ಇರು ಅನ್ನುತ್ತಾನೋ? ನಿಮಗೇ ಚೆನ್ನಾಗಿ ಗೊತ್ತು.

ಇನ್ನು ಭದ್ರತೆ. ವಿಮಾನ ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ, ಪರೀಕ್ಷೆ ಬರೆಯಲು ಹೋದಾಗ ಮುಖ ತೋರಿಸಿದ್ದೇನೆ. ಮಹಿಳಾ ಸಿಬ್ಬಂದಿ ಇದ್ದರೆ ಒಳ್ಳೆಯದು. ಇಲ್ಲದಿದ್ದಾಗಲೂ ಒಮ್ಮೆ ತೋರಿಸಿದೆ, ಸಾಲು ಉದ್ದ ಇತ್ತು. ಅದಕ್ಕೆ ನನ್ನ ತಕರಾರು ಇಲ್ಲ. ತಕರಾರು ಇರುವುದು ಸುಮ್ಮನೆ ರಸ್ತೆಯಲ್ಲಿ ನಡೆದುಹೋಗುವಾಗ ತಡೆದು ತೆಗೆಸುವುದಕ್ಕೆ.

ಅಕ್ಕಾ, ನಿಮ್ಮ ಬರಹ ನನ್ನನ್ನು ಬೇರೆ ಕಡೆ ಹಿಡಿಯಿತು. ನನ್ನ ಮಾತು ಎದುರಿನವರಿಗೆ ಸಿಗದೇ ಹೋಗಬಹುದು ಎಂದು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಮುಖ ನನ್ನದು ಎಂದೇ ವಾದ ಮಾಡುತ್ತ ಬಂದೆ. ಅದು ನಿಮ್ಮ ಕಿವಿಯೂ ಹೌದು ಅಂತ ಯಾರೂ ಹೇಳಿರಲಿಲ್ಲ. ನೀವು ಎದುರು ಬಂದರೆ ನಾನು ಪಕ್ಕಕ್ಕೆ ಕರೆದು, ಗಂಡಸರಿಲ್ಲದ ಕಡೆ ಪರದೆ ಎತ್ತಿ ಮಾತಾಡುತ್ತಿದ್ದೆ. ಹಾಗೆ ಮಾಡಬಹುದು ಎಂದು ನೀವು ಕೇಳಿದರೆ ಮಾತ್ರ ಹೊಳೆಯುತ್ತದೆ. ಕೇಳಿ ಅಕ್ಕಾ, ಹಿಂಜರಿಯಬೇಡಿ.

ಅಕ್ಕನತಂಗಿ

ನಸುಕು, ಗಂಡ ಏನು ಅನ್ನುತ್ತಾನೆ ಅಂತ ಕೇಳಿದಿರಿ. ನಮ್ಮ ಭಾವ ಮನೆಯಲ್ಲೇ ಇರು ಅನ್ನುತ್ತಿದ್ದರು. ಅದು ಗೊತ್ತು. ಆದರೂ ಸುಮ್ಮನಿರಲು ನನಗೆ ಆಗುವುದಿಲ್ಲ. ನನ್ನ ಸಹಿ ಹಾಕಿಯೇ ಹಾಕುತ್ತೇನೆ.

ತುಟಿನೋಟ

ಮೂವರಿಗೂ ಕೈ ಮುಗಿದೆ. ಅಕ್ಕನತಂಗಿ, ನಿಮ್ಮ ಸಹಿ ನಿಮ್ಮ ಅಕ್ಕನ ಸಲುವಾಗಿ. ಅದನ್ನು ನಾನು ಪ್ರಶ್ನಿಸುವುದಿಲ್ಲ. ನನ್ನದು ಹಾಕುವುದಿಲ್ಲ ಎಂದು ಗೆಳತಿಗೆ ಇವತ್ತು ಬರೆದೆ. ನನ್ನ ಕಿವಿಯನ್ನು ಕಾರಣವಾಗಿ ಬಳಸುವುದಾದರೆ ಮೊದಲು ಆಸ್ಪತ್ರೆಯಲ್ಲಿ ನಂಬರು ಗೋಡೆಯ ಮೇಲೆ ಕಾಣುವ ಹಾಗೆ ಮಾಡಿಸು, ಕೌಂಟರಿನಲ್ಲಿ ಕೂತವರು ತಲೆ ಎತ್ತಿ ಮಾತಾಡುವ ಹಾಗೆ ಮಾಡಿಸು, ಆ ಮನವಿಗೆ ಮೊದಲ ಸಹಿ ನನ್ನದೇ ಎಂದೂ ಸೇರಿಸಿದೆ. ಇನ್ನೂ ಉತ್ತರ ಬಂದಿಲ್ಲ.

ಬಲವಂತ ಮಾಡಿದವರಿಗೆ ಶಿಕ್ಷೆ ಬೇಕು ಅನ್ನುವುದನ್ನು ಮಾತ್ರ ಬೇರೆ ಬರೆದು ತಂದರೆ ಅದಕ್ಕೂ ಸಹಿ ಹಾಕುತ್ತೇನೆ. ವಕೀಲರು ಹೇಳಿದ ತೊಡಕು ಇದ್ದರೂ ಸರಿ.

ನಸುಕು, ಇನ್ನು ಮೇಲೆ ಕೇಳುತ್ತೇನೆ. ಕೇಳಲು ನಾಚಿಕೆಪಟ್ಟು ಎಷ್ಟೋ ಜನರ ಮುಂದೆ ಅರ್ಥವಾದ ಹಾಗೆ ತಲೆಯಾಡಿಸಿ ಬಂದಿದ್ದೇನೆ. ಅವರಿಗೂ ಅದರಿಂದ ಒಳ್ಳೆಯದಾಗಲಿಲ್ಲ.

ನಸುಕು

ಅಕ್ಕಾ, ಒಂದು ಸಣ್ಣ ಪ್ರಶ್ನೆ. ಪರದೆ ಎತ್ತಿದಾಗ ಜೋರಾಗಿ ಮಾತಾಡಬೇಕಾ, ನಿಧಾನವಾಗಿಯಾ?

ತುಟಿನೋಟ

ಎರಡೂ ಬೇಡ. ಜೋರು ಮಾಡಿದರೆ ಬಾಯಿಯ ಆಕಾರ ಕೆಡುತ್ತದೆ, ತೀರಾ ನಿಧಾನವಾದರೂ ಕೆಡುತ್ತದೆ. ಯಾವಾಗಲೂ ಮಾತಾಡುವ ಹಾಗೇ ಮಾತಾಡಿ. ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ, ಮುಖದ ಮೇಲೆ ನೆರಳು ಬೀಳುತ್ತದೆ. ಬೆಳಕಿನ ಕಡೆ ತಿರುಗಿ ನಿಂತರೆ ಸಾಕು.