ಬ್ರೌಸರ್‌ಗೆ ಹೊಸ ವಿನ್ಯಾಸ ಮೊದಲೋ, ಹೊಸ ರೆಂಡರರ್ ಮೊದಲೋ?

ಟ್ಯಾಬ್‌ಪಟ್ಟಿ:
ನಮ್ಮದು ಗೆಕ್ಕೋ (ಫೈರ್‌ಫಾಕ್ಸ್‌ನ ಎಂಜಿನ್) ಆಧಾರಿತ ಬ್ರೌಸರ್. ಟ್ಯಾಬ್, ಮೆನು, ಟೂಲ್‌ಬಾರ್‌ಗೆ ಹೊಸ ವಿನ್ಯಾಸ ಕೊಡುವುದಿದೆ, ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಸಿ ತೆರೆಯ ಮೇಲೆ ಬಿಡಿಸುವ ರೆಂಡರರನ್ನೂ ತರುವುದಿದೆ. ಎರಡನ್ನೂ ಒಂದೇ ಆವೃತ್ತಿಯಲ್ಲಿ ಬಿಡೋಣ ಅನ್ನುವ ವಾದ ಜೋರಾಗಿದೆ. ಫೈರ್‌ಫಾಕ್ಸ್ 57ರಲ್ಲಿ ಹಾಗೇ ಮಾಡಿದ್ದರಲ್ಲವೇ?

ಪಿಕ್ಸೆಲ್ ಭಟ್ಟ:
ಇಲ್ಲ. 2017ರ ನವೆಂಬರ್‌ನಲ್ಲಿ ಬಂದ 57ರಲ್ಲಿ ಫೋಟಾನ್ ವಿನ್ಯಾಸದ ಜೊತೆಗಿದ್ದದ್ದು ಸ್ಟೈಲೋ, ಅಂದರೆ ರಸ್ಟ್‌ನಲ್ಲಿ ಬರೆದ ಸಿಎಸ್ಎಸ್ (ಪುಟದ ಬಣ್ಣ, ಅಳತೆಗಳ ನಿಯಮ) ಎಂಜಿನ್. ತೆರೆಯ ಮೇಲೆ ಬಿಡಿಸುವ ವೆಬ್‌ರೆಂಡರ್ ಬಂದದ್ದು 2019ರ ಮೇನಲ್ಲಿ, 67ರಲ್ಲಿ. ಅದೂ ವಿಂಡೋಸ್ 10, ಎನ್ವಿಡಿಯಾ ಕಾರ್ಡ್ ಇರುವ ಡೆಸ್ಕ್‌ಟಾಪ್‌ಗಳ ಒಂದು ಪಾಲಿಗೆ ಮಾತ್ರ.

ಕಾರಣ ಸರಳ. ವಿನ್ಯಾಸವನ್ನು ಎಲ್ಲರಿಗೂ ಒಂದೇ ದಿನ ಕೊಡಬಹುದು, ರೆಂಡರರನ್ನು ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ನೋಡಿಕೊಂಡೇ ಕೊಡಬೇಕು. ಯಾವುದೋ ಡ್ರೈವರ್‌ನಲ್ಲಿ ಕಿಟಕಿ ಕಪ್ಪಾದರೆ ಅದನ್ನು ಬ್ಲಾಕ್‌ಲಿಸ್ಟ್‌ಗೆ ಹಾಕಿ ಹಳೇ ದಾರಿಗೆ ಮರಳುತ್ತೀರಿ. ವಿನ್ಯಾಸ ಹೊಸ ರೆಂಡರರನ್ನೇ ನೆಚ್ಚಿಕೊಂಡಿದ್ದರೆ ಮರಳುವುದೆಲ್ಲಿಗೆ? ಮೇಲಾಗಿ, ಎರಡೂ ಒಟ್ಟಿಗೆ ಹೋದ ಮೇಲೆ ಟ್ಯಾಬ್ ತಡವರಿಸಿದರೆ ತಪ್ಪು ಯಾವುದರದೆಂದು ಅಂಕಿಅಂಶದಲ್ಲಿ ಬಿಡಿಸಿ ನೋಡಲಾಗದು.

ರೀಫ್ಲೋವೈರಿ:
ವಿನ್ಯಾಸ ಮೊದಲಾಗಲಿ, ಆದರೆ ಒಂದು ಷರತ್ತು: ಅದು ರೀಫ್ಲೋ (ಲೇಔಟನ್ನು, ಅಂದರೆ ಯಾವುದು ಎಲ್ಲಿ, ಎಷ್ಟಗಲ ಎಂಬುದನ್ನು ಮತ್ತೆ ಲೆಕ್ಕ ಹಾಕುವುದು) ಹೆಚ್ಚಿಸಬಾರದು. ಗೆಕ್ಕೋದಲ್ಲಿ ಟೂಲ್‌ಬಾರನ್ನೂ ಪುಟವನ್ನೂ ಬಿಡಿಸುವುದು ಒಂದೇ ಎಂಜಿನ್. ಹಾಗಂತ ರೆಂಡರರ್ ಬಂದರೆ ಎಲ್ಲ ನುಣುಪಾಗುತ್ತದೆ ಅಂದುಕೊಳ್ಳಬೇಡಿ, ಮೇನ್ ಥ್ರೆಡ್‌ನ (ಬ್ರೌಸರ್ ಮುಖ್ಯ ಕೆಲಸಗಳನ್ನು ಒಂದಾದ ಮೇಲೊಂದು ಮಾಡುವ ಸಾಲು) ರೀಫ್ಲೋಗೆ ಅದು ಮದ್ದಲ್ಲ. 60 ಹರ್ಟ್ಸ್ ಪರದೆಯಲ್ಲಿ ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಟ್ಯಾಬಿನ ಅಗಲವನ್ನೇ ಅನಿಮೇಟ್ ಮಾಡಿದರೆ ಪ್ರತಿ ಫ್ರೇಮಿಗೂ ಲೇಔಟ್ ಲೆಕ್ಕ ಹಾಕಬೇಕು. ಟ್ರಾನ್ಸ್‌ಫಾರ್ಮ್, ಒಪಾಸಿಟಿ (ಜರುಗಿಸುವುದು, ಪಾರದರ್ಶಕತೆ ಬದಲಿಸುವುದು) ಆದರೆ ಬಿಡಿಸಿದ ಪದರಗಳನ್ನು ಜೋಡಿಸುವ ಕಂಪೋಸಿಟರ್ ನೋಡಿಕೊಳ್ಳುತ್ತದೆ. ಫೋಟಾನ್‌ನ ರೀಲೋಡ್ ಗುಂಡಿ ಇದೇ ಉಪಾಯ: ಉದ್ದನೆಯ ಎಸ್‌ವಿಜಿ ಚಿತ್ರಗಳ ಪಟ್ಟಿಯನ್ನು ಸಣ್ಣ ಕಿಂಡಿಯ ಹಿಂದೆ ಹೆಜ್ಜೆಹೆಜ್ಜೆಯಾಗಿ ಜರುಗಿಸುವುದು, ಅಷ್ಟೇ.

ಇನ್ನೊಂದು ಕಳ್ಳ: ಸ್ಟೈಲ್ ಬದಲಿಸಿದ ಬೆನ್ನಿಗೇ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ (ಗುಂಡಿ, ಟ್ಯಾಬ್ ಮುಂತಾದವುಗಳ ಜಾಗ, ಅಳತೆ ಹೇಳುವ ಕರೆ) ಕೇಳುವುದು. ಲೇಔಟ್ ಅಲ್ಲೇ ನಿಂತು ಓಡಬೇಕಾಗುತ್ತದೆ. ಅಳತೆಯೆಲ್ಲ ಮೊದಲು, ಬದಲಾವಣೆಯೆಲ್ಲ ಆಮೇಲೆ. ಟ್ಯಾಬ್ ತೆರೆಯುವಾಗ ಹೊಸ ರೀಫ್ಲೋ ಕಂಡರೆ ಬಿಲ್ಡ್ ಸೋಲುವಂಥ ಪರೀಕ್ಷೆಯನ್ನು ಮೊದಲ ವಾರವೇ ಬರೆದಿಡಿ.

ಟ್ಯಾಬ್‌ಪಟ್ಟಿ:
ಮೆನು ಹಿಂದೆ ಮಸುಕುಗಾಜಿನ ಪರಿಣಾಮವೂ ಬೇಕಂತೆ.

ಪಿಕ್ಸೆಲ್ ಭಟ್ಟ:
ಅದೊಂದನ್ನು ಮಾತ್ರ ರೆಂಡರರ್ ಎಲ್ಲರಿಗೂ ತಲುಪಿದ ಮೇಲೆ ಮುಟ್ಟಿ. ಹಿಂದಿರುವುದನ್ನು ಮಸುಕಾಗಿಸುವ ಗೆಕ್ಕೋದ ಬ್ಯಾಕ್‌ಡ್ರಾಪ್-ಫಿಲ್ಟರ್ ವೆಬ್‌ರೆಂಡರ್ ಮೇಲೇ ನಿಂತಿದೆ. ಫೈರ್‌ಫಾಕ್ಸ್‌ನಲ್ಲೂ ಅದು ತಾನಾಗಿ ಚಾಲೂ ಆದದ್ದು 2022ರ 103ನೇ ಆವೃತ್ತಿಯಲ್ಲಿ. ಸಾಫ್ಟ್‌ವೇರ್ ವೆಬ್‌ರೆಂಡರ್ ಆನ್ ಮಾಡಿ, ಜಿಪಿಯು ಸಹಾಯವಿಲ್ಲದೆಯೂ ಮೆನು ತೆರೆದು ನೋಡಿ. ಅಲ್ಲಿ ಎಳೆದಾಡಿದರೆ ಆ ಯಂತ್ರಗಳಿಗೆ ಗಟ್ಟಿ ಬಣ್ಣದ ಹಿನ್ನೆಲೆ ಕೊಡಿ.