ಬೈಲಿಫ್ ಅಂದರೆ ಎಲ್ಲ ಕಡೆಯೂ ಅಮೀನನೇ?

ಗೆಳೆಯರೇ, ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಸಹಾಯ ಮಾಡಿ.

ಅಂಡೋರಾದ ನ್ಯಾಯಾಂಗದ ಬಗ್ಗೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫ್ರಾನ್ಸ್, ಸ್ಪೇನ್ ನಡುವಿನ ಪಿರೆನೀಸ್ ಬೆಟ್ಟಗಳಲ್ಲಿರುವ ಪುಟ್ಟ ದೇಶ ಅದು. ಲೇಖನದ ತುಂಬ 'ಬೈಲಿಫ್' ಎಂಬ ಮಾತಿದೆ. ನಾನೂ ನಿಘಂಟು ನೋಡಿ ಸುಮ್ನೆ 'ಅಮೀನ' ಅಂತ ಹಾಕುತ್ತಾ ಹೋದೆ. ಅಮೀನ ಅಂದರೆ ನಮಗೆ ಗೊತ್ತಲ್ವಾ, ಕೋರ್ಟಿನ ನೋಟಿಸು ಹಿಡಿದು ಬರುವವನು, ಮನೆಯವರು ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸಿ ಹೋಗುವವನು, ಜಪ್ತಿಗೆ ಬಂದಾಗ ಪಾತ್ರೆಪಗಡ ಪಟ್ಟಿ ಮಾಡುವವನು. ನಾಲ್ಕು ಪುಟ ಆದ ಮೇಲೆ ನೋಡಿದರೆ ಈ 'ಅಮೀನ' ಕೂತು ತೀರ್ಪು ಕೊಡುತ್ತಿದ್ದಾನೆ!

ಅಲ್ಲಿನ ಕೆಟಲಾನ್ ಭಾಷೆಯ ಮೂಲ ಪದ ಬಾಲ್ಯೆ. ಸಿವಿಲ್ ದಾವೆ, ಸಣ್ಣಪುಟ್ಟ ಅಪರಾಧ ಮೊದಲು ಹೋಗುವುದು ಇವರ ಮುಂದೆ. ದೊಡ್ಡ ಅಪರಾಧಕ್ಕೆ, ಅಪೀಲಿಗೆ ಬೇರೆ ಕೋರ್ಟುಗಳಿವೆ. ಹಿಂದೆ ಬಿಷಪ್ಪರ ಕಡೆಯ ಬಾಲ್ಯೆ ಬೇರೆ, ಫ್ರಾನ್ಸಿನ ಕಡೆಯವರು ಬೇರೆ, ಯಾಕೆಂದರೆ ಆ ದೇಶಕ್ಕೆ ಇಬ್ಬರು ಒಡೆಯರು, ಸ್ಪೇನಿನ ಉರ್ಜೆಲ್‌ನ ಬಿಷಪ್ಪರು ಮತ್ತು ಫ್ರಾನ್ಸಿನ ಅಧ್ಯಕ್ಷರು. 1993ರ ಸಂವಿಧಾನ ಬಂದ ಮೇಲೆ ಇವರನ್ನು ನೇಮಿಸುವುದು ನ್ಯಾಯಾಂಗದ ಉನ್ನತ ಮಂಡಳಿ, ಆರು ವರ್ಷದ ಅವಧಿಗೆ.

ಪದದ ಬೇರು ಲ್ಯಾಟಿನ್‌ನಲ್ಲಿದೆ, ಅರ್ಥ 'ಹೊರೆ ಹೊರುವವನು'. ಅದೇ ಬೇರು ಇಂಗ್ಲೆಂಡಿನಲ್ಲಿ ಅಮೀನನಾಗಿದೆ, ಮಯೋರ್ಕಾ ದ್ವೀಪದಲ್ಲಿ ಊರಿನ ಮೇಯರ್ ಆಗಿದೆ, ಅಂಡೋರಾದಲ್ಲಿ ನ್ಯಾಯಾಧೀಶನಾಗಿದೆ. ಒಂದೇ ಹೊರೆ, ಊರಿಗೊಂದು ತರಹ.

ಸರಿ, 'ಮ್ಯಾಜಿಸ್ಟ್ರೇಟ್' ಹಾಕೋಣ ಅಂದರೆ ಅಲ್ಲೂ ತೊಡಕು. ಅಂಡೋರಾದಲ್ಲಿ ಮ್ಯಾಜಿಸ್ಟ್ರೇಟ್ ಅಂದರೆ ಮೇಲಿನ ಕೋರ್ಟಿನವರು. ನಮ್ಮಲ್ಲಿ ಕೆಳಗಿನವರು. ಪೂರ್ತಿ ತಲೆಕೆಳಗಾಗುತ್ತದೆ. ಬರೀ 'ನ್ಯಾಯಾಧೀಶ' ಅಂದರೆ ಇಬ್ಬರಿಗೂ ಅದೇ ಹೆಸರಾಗಿ, ಯಾರು ಮೇಲೆ, ಯಾರು ಕೆಳಗೆ ಅನ್ನುವುದು ಗೊತ್ತಾಗುವುದಿಲ್ಲ. ಮೂಲ ಪದವನ್ನೇ ಬಿಡೋಣ ಅಂದರೆ 'ಬಾಲ್ಯೆ' ಓದಿದವರಿಗೆ ಮೊದಲು ನೆನಪಾಗುವುದು ಬಾಲ್ಯ.

ನನ್ನ ಮನಸ್ಸು 'ಮುನ್ಸೀಫ'ನ ಕಡೆ ವಾಲಿದೆ. ಹುದ್ದೆಯ ಹೆಸರು ಈಗ ಸಿವಿಲ್ ಜಡ್ಜ್ ಅಂತಾಗಿದ್ದರೂ ಹಿರಿಯರ ಬಾಯಲ್ಲಿ ಮುನ್ಸೀಫ್ ಕೋರ್ಟು ಇನ್ನೂ ಇದೆ. ಅರಬ್ಬಿಯ ಆ ಪದದ ಬೇರಿನಲ್ಲಿ 'ಅರ್ಧ' ಎಂಬ ಅರ್ಥವಿದೆ, ಇಬ್ಬರಿಗೂ ಸಮನಾಗಿ ಹಂಚುವವನು ಅಂತ. ಕೆಳಹಂತದ ಜಡ್ಜಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯುತ್ತಿಲ್ಲ. ಆದರೆ ಮುನ್ಸೀಫ ಅಂದ ಕೂಡಲೇ ಬರೀ ಸಿವಿಲ್ ದಾವೆಯೇ ನೆನಪಾಗುತ್ತದಾ? ಕೋರ್ಟಿನಲ್ಲಿ ಓಡಾಡುವವರು, ಅದರಲ್ಲೂ ಹಳೇ ಮೈಸೂರಿನ ಕಡೆಯವರು ಮತ್ತು ಧಾರವಾಡದ ಕಡೆಯವರು, ನಿಮ್ಮಲ್ಲಿ ಈ ಪದ ಹೇಗೆ ಬಳಕೆಯಲ್ಲಿದೆ ಅಂತ ತಿಳಿಸಿ.